ಜೋಗೇಶ್ವರಿಯ ಕಂಬಗಳಿಗೆ ಭೂಕಂಪ ತಾಳುವ ಬಲವಿದೆಯೆ?

ಮುಂಬಯಿಗೆ ದೊಡ್ಡ ಭೂಕಂಪದ ಭಯವಿಲ್ಲ ಎನ್ನುವವರು ಎರಡು ಕಾರಣ ಕೊಡುತ್ತಾರೆ: ನಗರವಿರುವುದು ಮಧ್ಯಮ ಅಪಾಯದ ಮೂರನೇ ವಲಯದಲ್ಲಿ, ಅಡಿಯಲ್ಲಿರುವುದು ದಖ್ಖನ್ನಿನ ಗಟ್ಟಿ ಕಪ್ಪುಶಿಲೆ. ಎರಡೂ ನಿಜ, ಆದರೆ ಎರಡೂ ರಕ್ಷಣೆಯ ಭರವಸೆಯಲ್ಲ. 1967ರ ಡಿಸೆಂಬರ್ 11ರಂದು ನಡುಗಿದ ಕೊಯ್ನಾ ಇದೇ ಶಿಲೆಯ ಮೇಲಿದೆ. ಮುಂಬಯಿಗೂ ಅದಕ್ಕೂ ಸುಮಾರು 200 ಕಿ.ಮೀ. ಅಂತರ. ನಮ್ಮ ಬೀದರ್, ಕಲಬುರಗಿಗಳಿಗೂ ಕಂಪನ ಮುಟ್ಟಿಸಿದ 1993ರ ಕಿಲ್ಲಾರಿ ಭೂಕಂಪ ಸಂಭವಿಸಿದ್ದು ಆಗ ಅತ್ಯಂತ ಕಡಿಮೆ ಅಪಾಯದ್ದೆಂದು ಗುರುತಿಸಿದ್ದ ಒಂದನೇ ವಲಯದಲ್ಲಿ. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜನ ಸತ್ತರು. ಮುಂಬಯಿಗೆ ಇನ್ನೂ ಚೆನ್ನಾಗಿ ಹೊಂದುವ ಪಾಠ ಅಹಮದಾಬಾದಿನದು. ಅದೂ ಮೂರನೇ ವಲಯದ ಊರೇ. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರದಿಂದ 200 ಕಿ.ಮೀ.ಗೂ ದೂರವಿದ್ದ ಅಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು 700ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಕುಸಿದವುಗಳಲ್ಲಿ ಅನೇಕ ಕಟ್ಟಡಗಳ ನೆಲಮಹಡಿ ಬರೀ ಕಂಬಗಳ ಮೇಲೆ ನಿಂತಿತ್ತು, ಪಾರ್ಕಿಂಗಿಗಾಗಿ. ಮೇಲಿನ ಮಹಡಿಗಳಲ್ಲಿ ಕಂಬಗಳ ನಡುವೆ ಇಟ್ಟಿಗೆ ಗೋಡೆಗಳಿರುವುದರಿಂದ ಅವು ಬಿಗಿಯಾಗಿ ಒಟ್ಟಿಗೆ ಓಲಾಡುತ್ತವೆ; ಬಾಗುವ ಕೆಲಸವೆಲ್ಲ ಗೋಡೆಯಿಲ್ಲದ ಕೆಳಗಿನ ಕಂಬಗಳ ಪಾಲಿಗೆ ಬರುತ್ತದೆ. ಮುಂಬಯಿಯ ಜೋಗೇಶ್ವರಿ ಪಶ್ಚಿಮದ ಸೊಸೈಟಿಗಳ ಪಾರ್ಕಿಂಗನ್ನೂ ಗೋಡೆ ಒಡೆದು ಶಟರ್ ಹಾಕಿದ ಅಂಗಡಿಗಳನ್ನೂ ಈ ಕಣ್ಣಿನಿಂದ ನೋಡಬೇಕು. ಸಮುದ್ರದ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಸೀಳಿದ್ದರೆ ಆ ಕಂಬದ ಬಲ ಇನ್ನೂ ಕಡಿಮೆ. ಬಿರುಕಿಗೆ ಗಿಲಾವು ಮೆತ್ತಿ ಬಣ್ಣ ಬಳಿಯುವುದು ದುರಸ್ತಿಯಲ್ಲ, ರೋಗ ಮುಚ್ಚಿಡುವುದು.

ಹೇಗಿದ್ದರೂ ರೀಡೆವಲಪ್‌ಮೆಂಟ್ ಬರುತ್ತದೆ, ಈಗೇಕೆ ಖರ್ಚು ಎಂಬ ಆಕ್ಷೇಪವಿದೆ. ಅದು ವರ್ಷಗಟ್ಟಲೆ ಎಳೆಯಬಹುದು. ಭೂಕಂಪ ಕರಾರುಪತ್ರಕ್ಕೆ ಕಾಯುವುದಿಲ್ಲ. ಜೋಗೇಶ್ವರಿ ಪೂರ್ವದ ಗುಡ್ಡದಂಚಿನ ಚಾಳುಗಳಲ್ಲಿ ಬಾಡಿಗೆಗಿರುವವರ ಕೈಯಲ್ಲಿ ಕಂಬ ಬಲಪಡಿಸುವುದು ಆಗದ ಮಾತು, ಒಪ್ಪಬೇಕು; ಅದು ಮಾಲೀಕರ, ಆಡಳಿತದ ಹೊಣೆ. ಆದರೆ ಕಪಾಟನ್ನು ಗೋಡೆಗೆ ಬಿಗಿಯುವುದು, ಅಟ್ಟದ ಭಾರದ ಪಾತ್ರೆಗಳನ್ನು ಕೆಳಗಿಳಿಸುವುದು, ಗ್ಯಾಸ್ ಸಿಲಿಂಡರನ್ನು ಉರುಳದಂತೆ ಕಟ್ಟುವುದು ಒಂದು ಖೋಲಿಯಲ್ಲೂ ಸಾಧ್ಯ. ಹೋಟೆಲು, ಕಾರ್ಖಾನೆಗಳಲ್ಲಿ ಸಾಮಾನಿನ ರ‍್ಯಾಕುಗಳಿಗೂ ಇದೇ ನಿಯಮ. ಬಹುಮಹಡಿಯಲ್ಲಿರುವವರು ನಡುಕದ ವೇಳೆ ಮೆಟ್ಟಿಲಿಗೆ, ಲಿಫ್ಟಿಗೆ ಓಡದೆ ಗಟ್ಟಿ ಮೇಜಿನಡಿ ಕೂತು ಅದರ ಕಾಲು ಹಿಡಿದಿರಬೇಕು.

30 ವರ್ಷ ದಾಟಿದ ಕಟ್ಟಡಗಳ ಸ್ಟ್ರಕ್ಚರಲ್ ಆಡಿಟ್ ಮುಂಬಯಿಯಲ್ಲಿ ಕಾನೂನಿನಂತೆಯೇ ಕಡ್ಡಾಯ. ಅದಕ್ಕಿಂತ ಹೊಸದಾಗಿದ್ದರೂ, ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಬಣ್ಣದ ಖರ್ಚಿಗಿಂತ ಮೊದಲು ನೆಲಮಹಡಿಯ ಕಂಬಗಳ ಪರೀಕ್ಷೆಯನ್ನು ಚರ್ಚೆಗೆ ತನ್ನಿ.