ಅಡುಗೆಮನೆಗೆ ಬಂದ ಬಿಸಿಲು

ಕಳೆದ ವರ್ಷ ನಮ್ಮ ಹಿತ್ತಿಲಲ್ಲಿ ಗೆಣಸಿನ ಬಳ್ಳಿ ಹುಲುಸಾಗಿ ಹಬ್ಬಿತ್ತು. ಆಡಿಗೆ ಮೇವಾಯಿತೆಂದು ವಾರ ವಾರವೂ ಎಲೆ, ಕುಡಿಗಳನ್ನು ಕೊಯ್ದು ಹಾಕುತ್ತಿದ್ದೆ. ಗೆಣಸು ಬೆಳೆಯುವುದು ಮಣ್ಣಿನಡಿಯಲ್ಲಿ ತಾನೇ, ಎಲೆ ಹೋದರೇನಂತೆ? ಅಗೆದಾಗ ಸಿಕ್ಕಿದ್ದು ಬೆರಳು ಗಾತ್ರದ ಬೇರುಗಳು. ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಪಾಠ ಹೇಳುವ ನನಗೇ ಈ ಗತಿ!

ಗೆಣಸು ಮಣ್ಣಿನಿಂದ ಆದದ್ದಲ್ಲ ಸಹೋದರಿಯರೇ. ಈಗಿನ ಬೆಲ್ಜಿಯಂನಲ್ಲಿದ್ದ ವಾನ್ ಹೆಲ್ಮಾಂಟ್ ಎಂಬ ವೈದ್ಯರು 17ನೇ ಶತಮಾನದಲ್ಲಿ ಇದನ್ನು ತೂಗಿಯೇ ನೋಡಿದ್ದರು. 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ನೀರುಣಿಸಿದರು. ಮರ 169 ಪೌಂಡ್ ತೂಗಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಂ ಕೂಡ ಇಲ್ಲ. ಎಲ್ಲವೂ ನೀರಿನಿಂದಲೇ ಬಂತೆಂದು ಅವರು ತಿಳಿದರು. ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ. ಗಿಡದ ಹಸಿರು ಭಾಗಗಳು ಬಿಸಿಲಿದ್ದರೆ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು 1779ರಲ್ಲಿ ತೋರಿಸಿಕೊಟ್ಟವರು ಡಚ್ ವೈದ್ಯ ಇಂಗೆನ್‌ಹೌಸ್.

ಎಲೆಯೇ ಗಿಡದ ಅಡುಗೆಮನೆ. ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್, ಬೇರಿನಿಂದ ನೀರು, ಒಲೆಗೆ ಬಿಸಿಲು. ಪತ್ರಹರಿತ್ತು ಆ ಬೆಳಕನ್ನು ಹಿಡಿದು ಸಕ್ಕರೆ ತಯಾರಿಸುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಹಗಲು ಮಿಕ್ಕಿದ್ದನ್ನು ಎಲೆಯೇ ಪಿಷ್ಟವಾಗಿ ಇಟ್ಟುಕೊಂಡು, ರಾತ್ರಿ ಮತ್ತೆ ಸಕ್ಕರೆಯಾಗಿಸಿ ಬೇರಿಗೆ, ಬೀಜಕ್ಕೆ ಕಳುಹಿಸುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಪಿಷ್ಟ ಕರಗದೆ ತೆಪ್ಪಗೆ ಕುಳಿತಿರುತ್ತದೆ. ಆದ್ದರಿಂದಲೇ ಗೆಣಸು, ಅಕ್ಕಿ, ಆಲೂಗಡ್ಡೆಗಳಲ್ಲಿ ಉಳಿತಾಯವೆಲ್ಲ ಪಿಷ್ಟದ್ದೇ. ಕಬ್ಬು ಮಾತ್ರ ಸಕ್ಕರೆಯನ್ನೇ ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ತೆಂಗು, ನೆಲಗಡಲೆ ಇನ್ನೂ ಜಾಣ: ಎಣ್ಣೆಯಾಗಿ ಕೂಡಿಡುತ್ತವೆ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲರಿಯಾದರೆ ಎಣ್ಣೆಯಲ್ಲಿ 9. ನಿಮ್ಮ ಬುಟ್ಟಿಯ ಕತ್ತಲಲ್ಲಿ ಮೊಳೆತು ಸುಕ್ಕುಗಟ್ಟುವ ಆಲೂಗಡ್ಡೆ ಈ ಉಳಿತಾಯವನ್ನೇ ಖರ್ಚು ಮಾಡುತ್ತಿರುತ್ತದೆ.

ತಯಾರಿಸಿದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಗಿಡ ತನ್ನ ಉಸಿರಾಟಕ್ಕೇ ಬಳಸಿಕೊಳ್ಳುತ್ತದೆ. ಉಳಿದುದರಲ್ಲಿ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ದಾಟುವಾಗ ಪ್ರತಿ ಮೆಟ್ಟಿಲಲ್ಲೂ ಸುಮಾರು ಹತ್ತರಲ್ಲೊಂದು ಪಾಲಷ್ಟೇ ಮುಂದಕ್ಕೆ ಹೋಗುತ್ತದೆ. ಗದ್ದೆಯಲ್ಲಿ ಮಿಡತೆ ಸಾವಿರಾರು, ಮೇಲೆ ಹಾರುವ ಹದ್ದು ಒಂದೋ ಎರಡೋ ಇರುವುದು ಇದಕ್ಕೇ. ಉದುರಿದ ತರಗೆಲೆಯಲ್ಲೂ ಬಿಸಿಲಿನ ಶಕ್ತಿ ಇನ್ನೂ ಇದೆ. ಗೆದ್ದಲು, ಅಣಬೆ, ಎರೆಹುಳು ಬದುಕುವುದು ಅದರಿಂದ. ನಾವು ಮುಂಜಾನೆ ಅಂಗಳ ಗುಡಿಸಿ ಬೆಂಕಿ ಹಚ್ಚುವುದು ಅವುಗಳ ಊಟಕ್ಕೆ. ನಾನಂತೂ ಈಗ ಅದನ್ನು ಬಾಳೆಯ ಬುಡಕ್ಕೆ ಹಾಕುತ್ತೇನೆ.

ಈ ಸಲ ಗೆಣಸಿನ ಬಳ್ಳಿಗೆ ಕೈಹಚ್ಚಿಲ್ಲ. ಆಡು ಬೇಲಿಯಾಚೆ ನಿಂತು ದಿನವೂ ಕೂಗುತ್ತದೆ.