ಹೆದರಲು ಬಾರದ ಸೈನಿಕರು

ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳು ಸಾಲುಸಾಲಾಗಿ ನಡೆಯುತ್ತಲೇ ಇದ್ದಾರೆ. ಅದು ಮೆರವಣಿಗೆ, ಗುಂಡಿನ ಸದ್ದು ಕೇಳಿದ ಮೇಲಿನ ಚಿತ್ರವಲ್ಲ. ಕಂಪ್ಯೂಟರ್ ಯುದ್ಧದಾಟಗಳ ಎಷ್ಟೋ ಸೈನಿಕರು ಇಂಥದೇ ಗೋಡೆಯಿಂದ ಇಳಿದು ಬಂದವರಂತೆ ಕಾಣುತ್ತಾರೆ. 'ಏಜ್ ಆಫ್ ಎಂಪೈರ್ಸ್ 2' ಆಟಕ್ಕೆ 2022ರಲ್ಲಿ ಬಂದ ಭಾರತದ ವಿಸ್ತರಣೆಯಲ್ಲಿ 'ದ್ರಾವಿಡರು' ಎಂಬ ಪಡೆ ಉಂಟು. ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಅದರ ಆಳುಗಳಿಗೆ ಜೀವವೆಂದರೆ ಒಂದು ಸಂಖ್ಯೆ. ಅದು ಸೊನ್ನೆಗೆ ಇಳಿಯುವ ಗಳಿಗೆಯವರೆಗೂ ಕೈ ನಡುಗದೆ ಹೊಡೆದಾಡುತ್ತಾರೆ, ಆಮೇಲೆ ಬೀಳುತ್ತಾರೆ. ಒಬ್ಬೊಬ್ಬನೂ ಕುಮಾರರಾಮನೇ. ತುಘಲಕನ ಸೇನೆಯನ್ನು ಎದುರಿಸಿ ಮಡಿದ ಆ ಕಂಪಿಲಿಯ ರಾಜಕುಮಾರನನ್ನು ಕಂಪ್ಲಿ, ಸಂಡೂರು ಸೀಮೆಯ ಜನ ಇಂದಿಗೂ ನೆನೆಯುವುದು ಅಂಥವರು ಅಪರೂಪ ಎಂಬ ಕಾರಣಕ್ಕೆ. ಎಲ್ಲರೂ ಹಾಗೇ ಇದ್ದಿದ್ದರೆ ಊರೂರಿನಲ್ಲಿ ವೀರಗಲ್ಲು ನಿಲ್ಲಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಓಡಿದವರಿಗೆ ಯಾರೂ ಕಲ್ಲು ನೆಡಲಿಲ್ಲ, ಹಾಗಾಗಿ ಅವರ ಲೆಕ್ಕ ನಮಗೆ ಸಿಗುವುದಿಲ್ಲ.

ರಣದಲ್ಲಿ ಗುಂಡಿಗೆ ಎರಡು ಕೆಲಸ. ತಗುಲಿದವನನ್ನು ಕೆಡವುವುದು ಒಂದು. ತಗುಲದವನನ್ನು ನೆಲಕ್ಕೆ ಅಂಟಿಸುವುದು ಇನ್ನೊಂದು. ಕಾಳಗದ ಗತಿಯನ್ನು ತಿರುಗಿಸುವುದು ಹೆಚ್ಚಾಗಿ ಈ ಎರಡನೆಯದೇ ಎಂಬುದು ನನ್ನ ವಾದ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಕೈಯಲ್ಲಿದ್ದ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ನೆರವಿಗೆ ಬಂದ ಪೋರ್ಚುಗೀಸ್ ಫಿಗೆರೆಡೊನ ಜೊತೆಗಿದ್ದದ್ದು ಸುಮಾರು 20 ಬಂದೂಕುಗಾರರು. 20 ಬಂದೂಕುಗಳಿಂದ ಕೋಟೆ ಬೀಳುವುದಿಲ್ಲ. ಆದರೆ ಗೋಡೆಯ ಮೇಲೆ ತಲೆ ಎತ್ತಿದವರಿಗೆಲ್ಲ ಗುಂಡು ಬೀಳತೊಡಗಿದ ಮೇಲೆ ಕಾವಲಿನವರು ಅಲ್ಲಿಂದ ಸರಿದರು. ಕೆಳಗಿದ್ದ ರಾಯನ ಆಳುಗಳು ನಿರಾತಂಕವಾಗಿ ಕಲ್ಲು ಕಿತ್ತರು. ಬಗ್ಗಿ ನೋಡಿದ ಕೋಟೆಯ ಅಧಿಕಾರಿ ಗುಂಡಿಗೆ ಸತ್ತ, ಕೋಟೆ ಶರಣಾಯಿತು. 1996ರ 'ಕ್ಲೋಸ್ ಕಾಂಬ್ಯಾಟ್', 2000ದ 'ಕಾಂಬ್ಯಾಟ್ ಮಿಷನ್' ಆಟಗಳು ಪರದೆಯ ಮೇಲೆ ತರಲು ಹೊರಟದ್ದು ಇದನ್ನೇ. ಅಲ್ಲಿ ಜೀವದ ಲೆಕ್ಕದ ಪಕ್ಕದಲ್ಲಿ ಅಂಜಿಕೆಯ ಲೆಕ್ಕವೂ ನಡೆಯುತ್ತದೆ. ಗುಂಡು ಪಕ್ಕದಲ್ಲಿ ಹಾದರೂ ಅದು ಏರುತ್ತದೆ, ಗುಂಡು ನಿಂತರೆ ಮೆಲ್ಲಗೆ ಇಳಿಯುತ್ತದೆ. ಮರೆ, ಅನುಭವ, ಹತ್ತಿರದ ನಾಯಕ, ಇವು ಅದನ್ನು ತಡೆಯುತ್ತವೆ. ಒಂದು ಮಟ್ಟ ದಾಟಿದರೆ ಸೈನಿಕ ಮಲಗಿಬಿಡುತ್ತಾನೆ. ಇನ್ನೂ ಏರಿದರೆ ನೀವು ಎಷ್ಟು ಸಲ ಮೌಸ್ ಒತ್ತಿದರೂ ಅವನು ನಿಮ್ಮ ಕಡೆಯವನಲ್ಲ, ತನ್ನ ಪ್ರಾಣದ ಕಡೆಯವನು.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ. ರಾಯಚೂರಿನ ಕಥೆ ಹೇಳುವವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಅದೂ ಹದಿನೈದು ವರ್ಷಗಳ ನಂತರ. ತನ್ನ ದೇಶದವರನ್ನು ಹೊಗಳುವ ಆಸೆ ಅವನಿಗೆ ಇಲ್ಲದಿಲ್ಲ. ಒಪ್ಪೋಣ. ಆದರೆ ಮುತ್ತಿಗೆಯ ನಡುವೆ ನಡೆದ ಬಯಲು ಕಾಳಗದ ಬಗ್ಗೆ ಅವನು ಬರೆದದ್ದು ಯಾರನ್ನೂ ಮೆಚ್ಚಿಸುವ ಮಾತಲ್ಲ. ಬಿಜಾಪುರದ ಫಿರಂಗಿಗಳು ಒಮ್ಮೆಗೇ ಹಾರಿದಾಗ ವಿಜಯನಗರದ ಮುಂಚೂಣಿ ಮುರಿದು ಹಿಂದಕ್ಕೆ ಓಡಿತು. ರಾಯ ಕುದುರೆಯೇರಿದ, ಓಡುವವರನ್ನು ಕಡಿಯಿರೆಂದ, ತನ್ನ ಸಾವಿನ ಗುರುತಾಗಿ ರಾಣಿಯರಿಗೆ ತೋರಿಸಲು ಉಂಗುರ ಕಳಚಿ ಊಳಿಗದ ಹುಡುಗನ ಕೈಗಿತ್ತ, ಹಿಂದಿದ್ದ ಪಡೆಯೊಂದಿಗೆ ನುಗ್ಗಿದ. ಬೆನ್ನಟ್ಟುವ ಭರದಲ್ಲಿ ಚದುರಿಹೋಗಿದ್ದ ಬಿಜಾಪುರದವರು ಈಗ ಕೃಷ್ಣೆಯ ಕಡೆ ಓಡಿದರು. ಗೆದ್ದ ಸೇನೆಯೇ ಮೊದಲು ಓಡಿತ್ತು ಎಂಬುದನ್ನು ಹೊಗಳುಭಟ್ಟ ಕಟ್ಟಿ ಹೇಳುವುದಿಲ್ಲ. ಇದಕ್ಕಿಂತ ಹೆಚ್ಚು ಅನುಮಾನ ಪಡಬೇಕಾದದ್ದು ಅಮೆರಿಕದ ಸೇನಾ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಕೊಟ್ಟ ಪ್ರಸಿದ್ಧ ಲೆಕ್ಕವನ್ನು: ಕಾಳಗದಲ್ಲಿ ನಾಲ್ಕರಲ್ಲೊಬ್ಬನಿಗಿಂತ ಹೆಚ್ಚು ಸೈನಿಕರು ಗುಂಡು ಹಾರಿಸುವುದಿಲ್ಲವೆಂದು ಅವನು ಬರೆದ, ಆ ಅಂಕಿಗೆ ಆಧಾರ ಸಾಲದೆಂದು ಮುಂದಿನ ಇತಿಹಾಸಕಾರರು ತೋರಿಸಿದರು. ಅಂಕಿ ಬಿದ್ದರೂ ಅಂಜಿಕೆ ಸುಳ್ಳಾಗುವುದಿಲ್ಲ.

ಭಯವನ್ನು ಲೆಕ್ಕಕ್ಕೆ ಹಿಡಿದ ಆಟಗಳೂ ಎಡವುವ ಜಾಗವೊಂದಿದೆ. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ಅಹಮದ್‌ನಗರದ ಫಿರಂಗಿಗಳು ತಾಮ್ರದ ಕಾಸು ತುಂಬಿಕೊಂಡು ಹತ್ತಿರದಿಂದ ಹಾರಿದವೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆದರೂ ವಿಜಯನಗರದ ಸೇನೆ ಚೆಲ್ಲಾಪಿಲ್ಲಿಯಾದದ್ದು ಸೆರೆಸಿಕ್ಕ ಸೇನಾಪತಿ ರಾಮರಾಯನ ತಲೆಯನ್ನು ಎತ್ತಿ ತೋರಿಸಿದ ಮೇಲೆ. 'ಟೋಟಲ್ ವಾರ್' ಸರಣಿಯಲ್ಲೂ ಸೇನಾಪತಿ ಸತ್ತರೆ ಪಡೆಯ ಧೈರ್ಯ ಕುಸಿಯುತ್ತದೆ. ಆದರೆ ಅಲ್ಲಿ ಸುದ್ದಿಗೆ ಕಾಲಿಲ್ಲ. ಮೈದಾನದ ಮೂಲೆಯಲ್ಲಿರುವವನಿಗೂ ಅದೇ ಕ್ಷಣ ಗೊತ್ತಾಗಿಬಿಡುತ್ತದೆ. ಧೂಳು, ಹೊಗೆ, ಗದ್ದಲದ ನಡುವೆ ನಿಂತ ನಿಜವಾದ ಸೈನಿಕನಿಗೆ ಗೊತ್ತಾಗುವುದು ಕಣ್ಣಿಗೆ ಬಿದ್ದದ್ದು ಮಾತ್ರ: ಒಂದು ತಲೆ, ಇಳಿದ ಬಾವುಟ, ಪಕ್ಕದವನ ಬೆನ್ನು. ಗಾಬರಿ ನೋಟದಿಂದ ನೋಟಕ್ಕೆ ದಾಟುತ್ತದೆ, ದಾಟಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲೇ ಒಬ್ಬ ಕೃಷ್ಣದೇವರಾಯ ಕುದುರೆಯೇರಲು ಸಾಧ್ಯ. ಎಲ್ಲರಿಗೂ ಎಲ್ಲವೂ ಒಟ್ಟಿಗೇ ತಿಳಿಯುವ ಆಟದಲ್ಲಿ ಅವನಿಗೆ ಸಂದೇ ಇರುವುದಿಲ್ಲ.

ಹೇಳಿದ ಮಾತು ಕೇಳದ ಸೈನಿಕನಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಆಟ ಮಾರುವವರು ಕೇಳಬಹುದು. ದಿನದ ಕೆಲಸ ಮುಗಿಸಿ ಒಂದು ಗಂಟೆ ಆಡಲು ಕೂತವರಿಗೆ ಅಲ್ಲೂ ಅವಿಧೇಯತೆಯೇ ಎದುರಾದರೆ ಬೇಸರವೇ ಸರಿ. ಆದರೆ ಆಳುಗಳು ಓಡದ ಆಟದಲ್ಲಿ ಆಡುವವನಿಗೆ ಉಳಿಯುವ ಕೆಲಸ ಎಣಿಕೆ ಮಾತ್ರ: ಅವರು ನೂರು, ನಾನು ನೂರಿಪ್ಪತ್ತು. ಓಡುವವರಿದ್ದಾಗಲೇ ಯಾರನ್ನು ಹಿಂದೆ ಕಾದಿಡಬೇಕು, ನಾಯಕ ಎಲ್ಲಿ ನಿಲ್ಲಬೇಕು, ಬೆನ್ನಟ್ಟುವವರನ್ನು ಎಲ್ಲಿಗೆ ತಡೆಯಬೇಕು ಎಂಬ ಪ್ರಶ್ನೆಗಳು ಹುಟ್ಟುತ್ತವೆ. ರಾಯಚೂರಿನ ಬಯಲಲ್ಲಿ ಬಿಜಾಪುರದವರು ಸೋತದ್ದು ಈ ಕೊನೆಯ ಪ್ರಶ್ನೆಯಲ್ಲಿ.