ಇಸವಿಯ ಕೆಳಗಿನ ಚುಕ್ಕೆ

ಕೈಯಲ್ಲಿರುವ ಒಂದು ರೂಪಾಯಿ ನಾಣ್ಯವನ್ನು ತಿರುಗಿಸಿ, ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ಪುಟ್ಟ ವಜ್ರಾಕೃತಿ ಇದ್ದರೆ ಅದು ಮುಂಬೈಯಲ್ಲಿ ಅಚ್ಚಾದದ್ದು. ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದು. ದುಂಡನೆಯ ಚುಕ್ಕೆ ನೊಯ್ಡಾದ ಗುರುತು. ಏನೂ ಇಲ್ಲದಿದ್ದರೆ ಕೋಲ್ಕತ್ತ. ಈಗ ನಮ್ಮ ದೇಶದಲ್ಲಿರುವುದು ಈ ನಾಲ್ಕೇ ಟಂಕಸಾಲೆಗಳು. 1988ರಲ್ಲಿ ಕೆಲಸ ಶುರು ಮಾಡಿದ ನೊಯ್ಡಾದ್ದು ಎಲ್ಲಕ್ಕಿಂತ ಕಿರಿಯದು. ಅಂದರೆ ಒಂದೇ ಇಸವಿಯ ಒಂದು ರೂಪಾಯಿ ನಾಣ್ಯ ನಾಲ್ಕು ಬಗೆಯಲ್ಲಿ ಸಿಗಬಹುದು. ಮನೆಯ ಚಿಲ್ಲರೆ ಡಬ್ಬಿಯನ್ನು ಚಾಪೆಯ ಮೇಲೆ ಸುರಿದುಕೊಂಡು, ಒಂದು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತರೆ ಸಂಗ್ರಹ ಶುರುವಾದಂತೆ. ಖರ್ಚು ನಾಣ್ಯದ ಮುಖಬೆಲೆಯಷ್ಟೇ.

ನಾಣ್ಯ ಸಂಗ್ರಹ ಹಣವಂತರ ಹವ್ಯಾಸ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ವಿಜಯನಗರದ ವರಾಹ, ಹೈದರಾಲಿಯ ಬಹಾದ್ದೂರಿ ಹೊನ್ನುಗಳ ಚಿತ್ರ ನೋಡಿದ ಹುಡುಗ ಹುಡುಗಿಯರು ಇದು ತಮಗಲ್ಲ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಕಂಡ ಕಂಡ ನಾಣ್ಯಗಳನ್ನೆಲ್ಲ ಒಂದೇ ಡಬ್ಬಿಗೆ ತುಂಬಿ, ಆರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ. ಈ ಎರಡಕ್ಕೂ ಮದ್ದು ಒಂದೇ, ಗಡಿ ಹಾಕಿಕೊಳ್ಳುವುದು. ದುಡ್ಡು ಕಡಿಮೆಯಿದ್ದಷ್ಟೂ ಗಡಿ ಚಿಕ್ಕದಾಗಿರಲಿ. ‘ಪ್ರಪಂಚದ ನಾಣ್ಯಗಳು’ ಎಂದು ಹೊರಟವರದು ಎಂದೂ ಮುಗಿಯುವುದಿಲ್ಲ. ‘2000ದಿಂದ ಈಚಿನ ಎರಡು ರೂಪಾಯಿ, ನಾಲ್ಕೂ ಟಂಕಸಾಲೆಯದು’ ಎಂದು ಹೊರಟವರಿಗೆ ತಮಗೆ ಏನು ಬೇಕೆಂಬುದು ಗೊತ್ತಿರುತ್ತದೆ. ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಚಿಲ್ಲರೆ ಕೈಗೆ ಬಂದಾಗಲೆಲ್ಲ ಹುಡುಕಾಟ ಸಾಗುತ್ತಿರುತ್ತದೆ.

ಚಲಾವಣೆಯ ಚಿಲ್ಲರೆಯಲ್ಲೇ ಇರುವ ಸಂಪತ್ತು ಸಣ್ಣದಲ್ಲ. 2007ರ ಸುಮಾರಿಗೆ ಬಂದ ಸರಣಿಯಲ್ಲಿ ಹಸ್ತಮುದ್ರೆಗಳಿವೆ: ಐವತ್ತು ಪೈಸೆಯಲ್ಲಿ ಮುಷ್ಟಿ, ಒಂದು ರೂಪಾಯಿಯಲ್ಲಿ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಯಲ್ಲಿ ಎರಡು ಬೆರಳು. ಹನ್ನೊಂದು ಮೂಲೆಯ, ಭಾರತದ ನಕ್ಷೆಯುಳ್ಳ ಹಳೆಯ ಎರಡು ರೂಪಾಯಿ ಈಗಲೂ ಆಗೀಗ ಕೈಗೆ ಬರುತ್ತದೆ. 2006ರಲ್ಲಿ ಬಸವೇಶ್ವರರ ಐದು ರೂಪಾಯಿ ನಾಣ್ಯ ಬಂತು. ಕನ್ನಡ ನಾಡಿನ ಎಳೆಯ ಸಂಗ್ರಾಹಕರು ಮೊದಲು ಹುಡುಕಬೇಕಾದದ್ದು ಅದನ್ನೇ ಎಂಬುದು ನನ್ನ ಆಸೆ. 1990ರ ದಶಕದ ಕೊನೆಯಲ್ಲಿ ದೇಶದ ಟಂಕಸಾಲೆಗಳಿಗೆ ಬೇಡಿಕೆ ಪೂರೈಸಲಾಗದೆ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಅಚ್ಚು ಹಾಕಿಸಿತು. ಆ ಕಾಲದ ನಾಣ್ಯಗಳಲ್ಲಿ ವೃತ್ತದೊಳಗೆ ‘ಎಂ’ ಅಕ್ಷರ ಕಂಡರೆ ಅದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಿಂದ ಬಂದದ್ದು. ಮಾಸ್ಕೊ, ಮೆಕ್ಸಿಕೊ, ಸ್ಲೊವಾಕಿಯಾದ ಗುರುತುಗಳೂ ಇವೆ. ನಮ್ಮೂರ ಸಂತೆಯಲ್ಲಿ ಸೊಪ್ಪು ಕೊಂಡು ಉಳಿದ ಚಿಲ್ಲರೆಯಲ್ಲಿ ಮಾಸ್ಕೊ ಸಿಗುವುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಒಂದು ಸಣ್ಣ ಅಯಸ್ಕಾಂತ ಜೊತೆಗಿರಲಿ. ಹಳೆಯ ದಪ್ಪ ಐದು ರೂಪಾಯಿ ತಾಮ್ರ–ನಿಕ್ಕಲ್ ಮಿಶ್ರಲೋಹದ್ದು, ಒಂಬತ್ತು ಗ್ರಾಂ ತೂಕ, ಅಯಸ್ಕಾಂತಕ್ಕೆ ಅಂಟುವುದಿಲ್ಲ. 2007ರ ಐದು ರೂಪಾಯಿ ಸ್ಟೀಲಿನದು, ತೂಕ ಆರು ಗ್ರಾಂ. ಅದು ಟಕ್ಕನೆ ಅಂಟುತ್ತದೆ. ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಲೋಹವೇ ದುಬಾರಿಯಾಗತೊಡಗಿದಾಗ ಅದನ್ನು ಕರಗಿಸುವವರು ಹುಟ್ಟಿಕೊಳ್ಳುತ್ತಾರೆ. ಸರ್ಕಾರ ಅಗ್ಗದ ಲೋಹಕ್ಕೆ ಇಳಿಯುತ್ತದೆ. 1960ರ ದಶಕದಲ್ಲಿ ಸಣ್ಣ ಪೈಸೆಗಳೆಲ್ಲ ಒಂದೊಂದಾಗಿ ಹಗುರ ಅಲ್ಯೂಮಿನಿಯಮ್ಮಿಗೆ ತಿರುಗಿದ್ದಕ್ಕೂ ಕಾರಣ ಇದೇ. ಅರ್ಥಶಾಸ್ತ್ರದ ಈ ಪಾಠ ಪುಸ್ತಕ ತೆರೆಯದೆಯೇ ತಲೆಗೆ ಹತ್ತುತ್ತದೆ.

ಚಿಲ್ಲರೆಯ ಹಂತ ದಾಟಿದ ಮೇಲೆ ಮೊದಲ ಬಾರಿ ದುಡ್ಡು ಕೊಟ್ಟು ಕೊಳ್ಳುವುದಾದರೆ ನಾನು ಹೇಳುವುದು ನಯೇ ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಲೆಕ್ಕ ಜಾರಿಗೆ ಬಂತು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ, ನೂರ ತೊಂಬತ್ತೆರಡು ಪೈ. ಜನ ಗೊಂದಲಕ್ಕೆ ಬೀಳಬಾರದೆಂದು ಹೊಸ ನಾಣ್ಯಗಳ ಮೇಲೆ ‘ನಯೇ’ ಎಂಬ ಮಾತನ್ನೂ, ಅದು ರೂಪಾಯಿಯ ಎಷ್ಟನೇ ಭಾಗ ಎಂಬುದನ್ನೂ ಹಿಂದಿಯಲ್ಲಿ ಅಚ್ಚು ಹಾಕಿದರು. ಆಕಾರಗಳೂ ಬೇರೆ ಬೇರೆ. ಒಂದು ಪೈಸೆ ದುಂಡಗೆ, ಎರಡು ಮತ್ತು ಹತ್ತು ಪೈಸೆಗಳಿಗೆ ಅಲೆಯಲೆಯ ಅಂಚು, ಐದು ಪೈಸೆ ಚೌಕ. 1964ರಲ್ಲಿ ‘ನಯೇ’ ಬಿಟ್ಟುಹೋಯಿತು. ಆರು ಮೂಲೆಯ ಮೂರು ಪೈಸೆ ಬಂದದ್ದೂ ಆ ವರ್ಷವೇ. ಇವೆಲ್ಲ ಕೋಟಿಗಟ್ಟಲೆ ಅಚ್ಚಾದ ನಾಣ್ಯಗಳು, ಹಾಗಾಗಿ ಸಾಮಾನ್ಯ ಇಸವಿಯವು ಇಂದಿಗೂ ಅಗ್ಗ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲೇ ಇರುತ್ತವೆ. ಕೇಳಿ ಪಡೆಯಿರಿ, ಕೊಡುವಾಗ ಅವರು ಹೇಳುವುದನ್ನೂ ಬರೆದಿಟ್ಟುಕೊಳ್ಳಿ. ಆಣೆಯ ಲೆಕ್ಕದಲ್ಲಿ ಸಂತೆ ಮಾಡಿದ ತಲೆಮಾರು ಇನ್ನು ಬಹಳ ವರ್ಷ ನಮ್ಮೊಡನೆ ಇರುವುದಿಲ್ಲ.

ಮೈಸೂರು ಸೀಮೆಯ ತಾಮ್ರದ ನಾಣ್ಯಗಳಿಗೆ ಕೈ ಹಾಕುವುದು ಇದರ ಮುಂದಿನ ಮೆಟ್ಟಿಲು. ಟಿಪ್ಪುವಿನ ತಾಮ್ರದ ಪೈಸೆಗಳಲ್ಲಿ ಆನೆ ನಡೆಯುತ್ತಿರುತ್ತದೆ. ಹಿಂಬದಿಯಲ್ಲಿ ಪಾರ್ಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಆತ ನಾಣ್ಯಗಳಿಗೆ ಜೋಹ್ರಾ, ಬಹ್ರಾಂ, ಅಖ್ತರ್ ಎಂದು ಗ್ರಹ ನಕ್ಷತ್ರಗಳ ಹೆಸರಿಟ್ಟ. ಮೌಲೂದಿ ಶಕೆ ಜಾರಿಗೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಲವು ಕಾಸುಗಳಲ್ಲಿ ಕನ್ನಡ, ಪಾರ್ಸಿ, ಇಂಗ್ಲಿಷ್ ಮೂರೂ ಲಿಪಿ ಒಂದೇ ಬಿಲ್ಲೆಯ ಮೇಲೆ ಕೂಡಿವೆ. ಪೂರ್ತಿ ಸ್ಪಷ್ಟವಾಗಿರುವ ನಾಣ್ಯಗಳಿಗೆ ಬೆಲೆ ಹೆಚ್ಚು. ಆದರೆ ಆನೆ ಗುರುತು ಸಿಗುವಷ್ಟು ಉಳಿದಿರುವ ಸವೆದ ನಾಣ್ಯ ಹಬ್ಬದ ಕಾಣಿಕೆಯ ದುಡ್ಡಿನಲ್ಲೇ ಸಿಕ್ಕೀತು. ಸವೆದದ್ದೆಂದು ಕೀಳಾಗಿ ಕಾಣಬೇಡಿ. ಅಷ್ಟು ಕೈಗಳನ್ನು ದಾಟಿದ್ದಕ್ಕೇ ಅದು ಸವೆದಿರುವುದು. ಕೊಳ್ಳುವ ಮುನ್ನ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿ. ಓದಿಕೊಂಡವರ ಕೈಗೆ ವ್ಯಾಪಾರಿಯೂ ಒಳ್ಳೆಯ ಸರಕನ್ನೇ ಕೊಡುತ್ತಾನೆ.

ಮೋಸದ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ರಾಮ, ಸೀತೆ, ಹನುಮಂತರ ಚಿತ್ರವೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818ರಂಥ ಇಸವಿಯೂ ಇರುವ ಬಿಲ್ಲೆಗಳು ಜಾತ್ರೆ, ಸಂತೆಗಳಲ್ಲಿ ಸಿಗುತ್ತವೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ಅವು ಈಚೆಗೆ ತಯಾರಾದವು. ಪೂಜೆಗೆ ಇಟ್ಟುಕೊಳ್ಳಿ, ಪುರಾತನವೆಂದು ದುಡ್ಡು ಕೊಡಬೇಡಿ. ವೈಷ್ಣೋದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳೂ ಸುಳ್ಳೇ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಮೊದಲು ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮಾರುವವನು ಮುಂಗಡ ಶುಲ್ಕ ಕಟ್ಟುವ ವ್ಯಾಪಾರ ಎಲ್ಲೂ ಇಲ್ಲ. ಕಾನೂನನ್ನೂ ತಿಳಿದಿರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚೀನ ವಸ್ತು. ಅಮೆರಿಕದಲ್ಲಿರುವ ಚಿಕ್ಕಪ್ಪನಿಗೆ ಉಡುಗೊರೆಯೆಂದು ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು.

ಇನ್ನು ತೊಳೆಯುವ ವಿಚಾರ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮ ಮನೆಗಳ ರೂಢಿ. ನಾಣ್ಯಕ್ಕೆ ಆ ಗತಿ ಬೇಡ. ಎರಡು ನೂರು ವರ್ಷದಲ್ಲಿ ತಾಮ್ರದ ಮೇಲೆ ಕೂತ ಕಂದು ಪದರವೇ ಅದರ ರಕ್ಷೆ, ಅದರ ವಯಸ್ಸಿನ ಸಾಕ್ಷಿ. ನಿಂಬೆರಸ, ಟೂತ್‌ಪೇಸ್ಟ್, ಪಾತ್ರೆಪುಡಿ ತಾಗಿದ ನಾಣ್ಯ ಫಳಫಳ ಹೊಳೆಯುತ್ತದೆ. ಬಲ್ಲವರು ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ. ಮಣ್ಣಿದ್ದರೆ ಬರೀ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆ ಬಟ್ಟೆಯ ಮೇಲಿಟ್ಟು ಆರಿಸಿದರೆ ಸಾಕು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ. ಮೆದು ಪಿವಿಸಿ ಚೀಲಗಳಲ್ಲಿ ವರ್ಷಗಟ್ಟಲೆ ಇಟ್ಟ ನಾಣ್ಯಗಳಿಗೆ ಹಸಿರು ಅಂಟು ಹತ್ತುತ್ತದೆ. ನಡುವೆ ತೆಳು ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರು ಇದಕ್ಕಿಂತ ಒಳ್ಳೆಯದು, ಬೆಲೆಯೂ ಕಡಿಮೆ. ಪಿನ್ನು ಹೊಡೆಯುವಾಗ ನಾಣ್ಯಕ್ಕೆ ತಾಗದಿರಲಿ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವುದೇ ಆಗುತ್ತದೆ.

ನೋಡುವ ಅಭ್ಯಾಸಕ್ಕೆ ಖರ್ಚಿಲ್ಲದ ಜಾಗಗಳಿವೆ. ಉಡುಪಿಯಲ್ಲಿ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯೇ ಈಗ ನಾಣ್ಯ ಸಂಗ್ರಹಾಲಯ. ಪ್ರಾಚೀನ ಕಾಲದಿಂದ ಇಂದಿನವರೆಗಿನ ನಾಣ್ಯಗಳನ್ನು ಅಲ್ಲಿ ಸಾಲಾಗಿ ನೋಡಬಹುದು. ಬೆಂಗಳೂರಿನ ಕನ್ನಡ ನಾಣ್ಯ ಸಂಘ ‘ನಾಣ್ಯದರ್ಶಿನಿ’ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಇಂಥ ಪ್ರದರ್ಶನಗಳಿಗೆ ಹೋದಾಗ ಗಾಜಿನ ಪೆಟ್ಟಿಗೆಯ ಬಂಗಾರದ ಎದುರೇ ಹೊತ್ತು ಕಳೆಯಬೇಡಿ. ಮೇಜಿನ ತುದಿಯಲ್ಲಿ ‘ಯಾವುದಾದರೂ ಹತ್ತು ರೂಪಾಯಿ’ ಎಂಬಂಥ ತಟ್ಟೆಯಿದ್ದರೆ ಅಲ್ಲಿ ನಿಲ್ಲಿ. ವಿಂಗಡಿಸಲು ಪುರುಸೊತ್ತಿಲ್ಲದೆ ವ್ಯಾಪಾರಿ ಸುರಿದಿಟ್ಟ ಅದರೊಳಗೆ, ಇಸವಿಯ ಕೆಳಗಿನ ಗುರುತು ಓದಬಲ್ಲ ಹದಿಮೂರರ ಹುಡುಗಿಗೆ ತನ್ನ ಪಟ್ಟಿಯಲ್ಲಿ ಬಾಕಿಯಿದ್ದ ನಾಣ್ಯ ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಎರಡೆರಡು ಇರುವ ನಾಣ್ಯಗಳನ್ನು ಜೇಬಿನಲ್ಲಿ ಒಯ್ಯಿರಿ. ಅಲ್ಲಿಗೆ ಬಂದ ನಿಮ್ಮದೇ ವಯಸ್ಸಿನ ಇನ್ನೊಬ್ಬರ ಹತ್ತಿರ ನಿಮಗೆ ಬೇಕಾದದ್ದು ಇರುತ್ತದೆ, ಅವರಿಗೆ ಬೇಕಾದದ್ದು ನಿಮ್ಮ ಹತ್ತಿರ.